ಕೇಳಿದವರಿಗೆ ಮೂರು ಸಾಲು

ಹನ್ನೊಂದು ಪ್ರಶ್ನೆಗಳಿಗೆ ಉತ್ತರ ಬರೆದಾಗಿತ್ತು. ಹನ್ನೆರಡನೆಯದು ಉಳಿದಿತ್ತು. ಅದೊಂದನ್ನು ಬಿಟ್ಟು ಮೋಹಿನಿ ಬೆಳಿಗ್ಗೆಯಿಂದ ಮನೆಯ ಉಳಿದೆಲ್ಲ ಕೆಲಸಗಳನ್ನೂ ಮಾಡಿ ಮುಗಿಸಿದ್ದಳು. ಒರೆಸುವಂಥದ್ದೇನೂ ಇಲ್ಲದ ಫ್ರಿಜ್ಜನ್ನು ಒರೆಸಿದಳು. ಕಿಟಕಿಯ ಗ್ರಿಲ್ಲಿನಲ್ಲಿ ಪಾರಿವಾಳವೊಂದು ತಂದಿಟ್ಟಿದ್ದ ನಾಲ್ಕು ಕಡ್ಡಿಗಳನ್ನು ತೆಗೆದು ಎಸೆದಳು, ಎಸೆದ ಮೇಲೆ ಎಸೆಯಬಾರದಿತ್ತು ಅನ್ನಿಸಿ ಬಗ್ಗಿ ನೋಡಿದಳು, ಮೂರನೆಯ ಮಾಳಿಗೆಯಿಂದ ಕಡ್ಡಿ ಕಾಣುತ್ತದೆಯೇ. ಮುಂಬಯಿಯ ದಹಿಸರ್‌ನ ಈ ಫ್ಲ್ಯಾಟಿಗೆ ಬಂದು ಹತ್ತೊಂಬತ್ತು ವರ್ಷ. ಊಟದ ಮೇಜಿನ ಕಿಟಕಿ ಬದಿಯ ತುದಿ ಅವಳು ಬರೆಯುವ ಜಾಗ. ಗಂಡ ಧನರಾಜ್ ನಸುಕಿಗೇ ಬೊರಿವಲಿಯ ತನ್ನ ಹೋಟೆಲಿಗೆ ಹೋಗಿಬಿಡುವುದರಿಂದ ಆ ತುದಿಗೆ ಬೇರೆ ವಾರಸುದಾರರಿಲ್ಲ. ಅಲ್ಲಿ ಕೂತು ಅವಳು ಎರಡು ಕಥಾಸಂಕಲನ ಬರೆದಿದ್ದಳು. ಮೂರನೆಯದರ ಮೊದಲ ಕಥೆಯ ಮೊದಲ ಪುಟ ಇನ್ನೂ ಬರಬೇಕಾಗಿತ್ತು, ಒಂಬತ್ತು ವರ್ಷದಿಂದ. ಈ ಒಂಬತ್ತು ವರ್ಷವೂ ಅವಳು ಅಲ್ಲಿ ಕೂತು ಮಾಡಿದ ಕೆಲಸ ಒಂದೇ. ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವುದು.

ಕಾಲಮ್ಮಿಗೆ ಒಂದು ಕಟ್ಟುಪಾಡಿತ್ತು, ಸಂಪಾದಕ ಸದಾನಂದ ಮಾಡಿದ್ದು: ಪ್ರಶ್ನೆ ಒಂದು ಸಾಲು, ಉತ್ತರ ಮೂರು ಸಾಲು. ಓದುಗರು ಒಂದು ಸಾಲಿನಲ್ಲಿ ಎಲ್ಲಿ ಬರೆಯುತ್ತಾರೆ? ಅವರು ಮಗಳ ಮದುವೆಯಿಂದ ಶುರು ಮಾಡಿ, ಮೊಣಕಾಲು ನೋವಿನ ಮೇಲಾಗಿ, ನಾಲ್ಕನೆಯ ಪುಟದಲ್ಲಿ ಹಾಗಾದರೆ ಜೀವನ ಎಂದರೇನು ಎಂದು ಕೇಳುತ್ತಾರೆ. ಮೋಹಿನಿ ಕೆಂಪು ಪೆನ್ನಿನಿಂದ ಒಂದು ವಾಕ್ಯಕ್ಕೆ ಗೆರೆ ಎಳೆಯುತ್ತಾಳೆ. ಉಳಿದದ್ದು ನೀಲಿ ಫೈಲಿಗೆ ಹೋಗುತ್ತದೆ. ಹೀಗೆ ಬೋಳಿಸಿದ ಪ್ರಶ್ನೆಗೆ ಚುರುಕಾದ ಉತ್ತರ ಹೊಳೆಯುವುದು ಸುಲಭ. ಈ ಸಲವೂ ಹೊಳೆದಿತ್ತು. ಬರೆಯಲು ಕೂತರೆ ನಿದ್ದೆ ಬರುತ್ತದಲ್ಲ ಎಂದವರಿಗೆ, ಓದುಗರಿಗೆ ಬರುವ ಮೊದಲೇ ನಿಮಗೆ ಬಂದದ್ದು ಒಳ್ಳೆಯದಾಯಿತು ಎಂದು ಬರೆದಿದ್ದಳು. ಕುರ್ಲಾದ ಶರಣಬಸಪ್ಪ ಎಂಬವರು ಸಂತೋಷ ಎಂದರೇನು ಎಂದು ಪ್ರತಿ ತಿಂಗಳೂ ಕೇಳುತ್ತಾರೆ, ಪ್ರತಿ ತಿಂಗಳೂ ಅವಳು ಬೇರೆ ಬೇರೆ ಹೇಳುತ್ತಾಳೆ, ಮನುಷ್ಯನಿಗೆ ಒಮ್ಮೆಯೂ ಸಮಾಧಾನವಾದಂತಿಲ್ಲ. ಈ ಸಲ, ಕಿಕ್ಕಿರಿದ ಲೋಕಲ್ ರೈಲಿನಿಂದ ಕುರ್ಲಾದಲ್ಲಿ ಇಳಿಯಬೇಕಾದವರಿಗೆ ಕುರ್ಲಾದಲ್ಲಿಯೇ ಇಳಿಯಲು ಆಗುವುದು ಎಂದು ಬರೆದಳು. ಬರೆದು ತಾನೇ ನಕ್ಕಳು. ಆಮೇಲೆ, ಆ ಶರಣಬಸಪ್ಪ ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಿರಬಹುದೇ ಎಂಬ ಯೋಚನೆ ಬಂತು. ಹನ್ನೆರಡನೆಯ ಪ್ರಶ್ನೆಯ ಕಾಗದ ಬಂದಂದಿನಿಂದ, ಒಂದು ವಾರದಿಂದ, ಇಂಥ ಯೋಚನೆ ಬರುತ್ತಿತ್ತು.

ಹನ್ನೆರಡನೆಯದು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿತ್ತು. ದುಂಡು ಅಕ್ಷರ, ಶಾಲೆಯಲ್ಲಿ ಶುದ್ಧಬರಹಕ್ಕೆ ಬಹುಮಾನ ತೆಗೆದುಕೊಂಡ ಹುಡುಗಿಯ ಅಕ್ಷರ.

‘ಅಕ್ಕಾರ, ಶರಣು. ನಾ ಆಂಟಾಪ್ ಹಿಲ್ ಬಸಲಿಂಗವ್ವ, ರೊಟ್ಟಿ ಬಡಿಯಾಕಿ. ನಾ ಹೇಳಾಕಿ, ಸೊಸಿ ವೈಶಾಲಿ ಬರಿಯಾಕಿ. ಹೋದ ತಿಂಗಳ ನೀವು ಹೇಳಿದ್ದು ವೈಶಾಲಿ ಓದಿದ್ಲು. ಕೇಳಿ ನನ್ನ ಮೈ ಜುಮ್ ಅಂತು. ಅದ ಹಾಡು ನನಗೂ ಹುಟ್ಟಿತ್ತು. ಸಂಕ್ರಾಂತಿ ಮುಂದ ನಿಮಗ ಕಳಿಸಿದ್ನಿ. ಅಷ್ಟು ಮಂದಿ ಕಾಗದದಾಗ ನೀವು ಅದನ್ನ ನೋಡಿರಾಕಿಲ್ಲ. ಈಗ ನಂದೊಂದು ಪ್ರಶ್ನೆ ಅದ. ಒಂದ ಹಾಡು ಇಬ್ಬರೊಳಗ ಹುಟ್ಟತದೇನ್ರಿ? ಹುಟ್ಟಿದ್ರ ಆ ಇಬ್ಬರು ಒಬ್ಬರಿಗೊಬ್ಬರು ಏನಾಗಬೇಕು?’

ಬೈದು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು. ಕಳ್ಳಿ ಎಂದಿದ್ದರೆ ಮೋಹಿನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಒಂದು ದಾರಿ ಕಾಣುತ್ತಿತ್ತು. ಈ ಹೆಂಗಸು ಖುಷಿಪಟ್ಟು ಕೂತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಬಂದ ಮೊದಲ ಕಾಗದ ಎರಡು ಹಾಳೆಯದು. ಅದರಿಂದ ಮೋಹಿನಿ ಕಡಿದು ತೆಗೆದ ಪ್ರಶ್ನೆ: ‘ರೊಟ್ಟಿ ಬಡಿಯುವಾಗ ಹಾಡು ಹುಟ್ಟುತ್ತದೆ, ನಿಲ್ಲಿಸಿದರೆ ಮರೆತುಹೋಗುತ್ತದೆ, ಏನು ಮಾಡಲಿ?’ ಕೊಟ್ಟ ಉತ್ತರ: ‘ರೊಟ್ಟಿ ನಿಲ್ಲಿಸಬೇಡಿ. ಹಾಡು ಮರೆತರೂ ಮನೆಯವರ ಊಟವಾಗುತ್ತದೆ.’ ಎರಡೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಸದಾನಂದ ಫೋನು ಮಾಡಿ ನಕ್ಕಿದ್ದ. ಕಾಗದದ ಕೊನೆಯಲ್ಲಿ, ಮರೆತುಹೋಗದೆ ಉಳಿದದ್ದು ಇದೊಂದು ಎಂದು ಮೂರು ಸಾಲು ಬರೆಸಿದ್ದಳು ಬಸಲಿಂಗವ್ವ:

ಊರ ಬಿಟ್ಟ ಬರುವಾಗ ಬಾಗಿಲಾ ಹಾಕಿದೆ
ಬಾಗಿಲದ ಹಿಂದ ನಾನುಳಿದೆ, ಮುಂಬೈಗೆ
ಬಂದಾಕಿ ಯಾರೋ ನಾನರಿಯೆ

ಅದು ನೀಲಿ ಫೈಲಿಗೆ ಹೋಯಿತು. ಮೂರು ತಿಂಗಳ ಮೇಲೆ ಕಾಲೇಜು ಹುಡುಗಿಯೊಬ್ಬಳು, ನೀವು ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತಂತೆ, ಊರು ನೆನಪಾಗುತ್ತದೆಯೇ ಎಂದು ಕೇಳಿದಳು. ಅವತ್ತು ಮೋಹಿನಿ ಮಧ್ಯಾಹ್ನದವರೆಗೆ ಕೂತಳು. ಊರು ನೆನಪಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಆಗುತ್ತಿಲ್ಲ ಎಂದು ಬರೆಯಲೂ ಏನೋ ಒಂದು ನೆನಪಾಗಬೇಕಲ್ಲ. ಕೊನೆಗೆ ಬರೆದಳು: ‘ಮೊನ್ನೆ ಲೋಕಲ್‌ನಲ್ಲಿ ನಿಂತಿದ್ದಾಗ ಹೊಳೆಯಿತು. ಊರು ಬಿಡುವಾಗ ಬಾಗಿಲು ಹಾಕಿದೆ, ಬಾಗಿಲ ಹಿಂದೆ ನಾನೇ ಉಳಿದೆ. ಮುಂಬಯಿಗೆ ಬಂದವಳು ಯಾರೋ ತಿಳಿಯದು.’ ತನಗೆ ಗೊತ್ತಿಲ್ಲದೆ ಆಯಿತು, ಎಲ್ಲೋ ಓದಿದ್ದು ಒಳಗೆ ಉಳಿದು ತನ್ನದೆಂಬಂತೆ ಬಂತು ಎಂದು ಅವಳು ಒಂದು ತಿಂಗಳು ತನಗೆ ತಾನೇ ಹೇಳಿಕೊಂಡಿದ್ದಳು. ಸುಳ್ಳು. ಫೈಲು ಮೇಜಿನ ಮೇಲೆ ಬಿಚ್ಚಿಯೇ ಇತ್ತು. ಆಡುಮಾತನ್ನು ಒಂದೊಂದೇ ಶಬ್ದವಾಗಿ ಪುಸ್ತಕದ ಮಾತಿಗೆ ತಿದ್ದುತ್ತ ಹೋದದ್ದು ಅವಳ ಬೆರಳುಗಳಿಗೆ ನೆನಪಿತ್ತು.

ಆಮೇಲೆ ನಡೆದದ್ದನ್ನು ಅವಳು ಬೇಡವೆಂದರೂ ತಡೆಯಲಾಗುತ್ತಿರಲಿಲ್ಲ, ಬೇಡ ಎಂದಿರಲೂ ಇಲ್ಲ. ಯಾರೋ ಆ ಸಾಲುಗಳಿಗೆ ಅವಳ ಫೋಟೊ ಸೇರಿಸಿ, ಹಿಂದೆ ಮುಳುಗುವ ಸೂರ್ಯನನ್ನು ಹಾಕಿ ವಾಟ್ಸಾಪಿಗೆ ಬಿಟ್ಟರು. ಉಡುಪಿಯಿಂದ, ಧಾರವಾಡದಿಂದ, ಹತ್ತು ವರ್ಷ ಮಾತು ಬಿಟ್ಟಿದ್ದ ನಾದಿನಿಯಿಂದ ಮೆಚ್ಚುಗೆ ಬಂತು. ಮತ್ತೆ ಕಥೆ ಬರೆಯಿರಿ, ನಿಮ್ಮೊಳಗೆ ಇನ್ನೂ ಇದೆ ಎಂದರು. ಒಂಬತ್ತು ವರ್ಷದಲ್ಲಿ ಅವಳಿಗೆ ಆದ ಅತಿ ದೊಡ್ಡ ಸಂತೋಷ ಅದು. ಆ ಸಂತೋಷ ಸುಳ್ಳಾಗಿರಲಿಲ್ಲ.

ಹತ್ತು ಗಂಟೆಗೆ ಸದಾನಂದನ ಫೋನು ಬಂತು. ‘ಎಂತ ಮೋಹಿನಿಯಕ್ಕ, ಒಂದು ಉತ್ತರ ಬಾಕಿ ಉಂಟಲ್ಲ? ಐದು ಗಂಟೆಗೆ ಪುಟ ಪ್ರೆಸ್ಸಿಗೆ ಹೋಗ್ಬೇಕು ಮಾರಾಯ್ರೆ.’

‘ಅದೊಂದು ಬಿಟ್ಟುಬಿಟ್ರೆ ಆಗುದಿಲ್ವಾ?’

‘ಜಾಗ ಖಾಲಿ ಬಿಟ್ಟಿದ್ದೇನೆ. ಮತ್ತೆ ಕೇಳಿ, ನಿಮ್ಮ ಆ ಬಾಗಿಲಿನ ಸಾಲು ವಾರ್ಷಿಕೋತ್ಸವದ ಆಮಂತ್ರಣದ ಹಿಂದೆ ಹಾಕಿಸಿ ಆಯ್ತು. ಭಾನುವಾರ ಸ್ಟೇಜಲ್ಲಿ ಒಂದು ಶಾಲು ಹೊದಿಸುದು ಅಂತ ಕಮಿಟಿಯವರು ಹೇಳಿದ್ದಾರೆ. ನೀವು ಬೇಡ ಅನ್ಬಾರ್ದು.’

ಬೇಡ ಅನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ‘ಆಯ್ತು, ಮೂರು ಗಂಟೆಯ ಒಳಗೆ ಹೇಳ್ತೇನೆ’ ಎಂದು ಇಟ್ಟಳು. ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಕೆಲಸ ಮಾಡುತ್ತ ಕೂತಿದ್ದ ಮಗಳು ನಮಿತಾ ಕಿವಿಯಿಂದ ಹೆಡ್‌ಫೋನ್ ತೆಗೆದು, ‘ಮಮ್ಮಾ, ಮಾರ್ನಿಂಗ್‌ನಿಂದ ಎಷ್ಟು ಟೆನ್ಶನ್ ತಗೊಳ್ತಿ? ಏನು ಕ್ವೆಶ್ಚನ್ ಅದು?’ ಎಂದಳು. ನಮಿತಾಗೆ ಕನ್ನಡ ಓದಲು ಬರುವುದಿಲ್ಲ. ಮೋಹಿನಿ ಕಾಗದವನ್ನು ಓದಿ ಹೇಳಿದಳು. ಓದುತ್ತ ಹೋದಂತೆ, ‘ಸಂಕ್ರಾಂತಿ ಮುಂದ ನಿಮಗ ಕಳಿಸಿದ್ನಿ’ ಎಂಬ ಮಾತನ್ನು, ರಸ್ತೆಯಲ್ಲಿ ಹೊಂಡ ತಪ್ಪಿಸಿದ ಹಾಗೆ, ಸಲೀಸಾಗಿ ಹಾರಿ ಮುಂದಕ್ಕೆ ಹೋದಳು. ‘ಸೋ ಸ್ವೀಟ್’ ಎಂದಳು ನಮಿತಾ. ‘ಕೋಇನ್ಸಿಡೆನ್ಸ್ ಅಂತ ಬರಿ ನಾ. ಹೋತಾ ಹೈ, ಹಾಗೆ ಆಗ್ತದೆ.’ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಮಗಳ ಎದುರಿಗೂ ಕತ್ತರಿ ಬಿಡಲಾಗಲಿಲ್ಲವಲ್ಲ ಎಂದು ಮೋಹಿನಿಗೆ ತನ್ನ ಮೇಲೇ ಅಸಹ್ಯವಾಯಿತು. ಕಾಗದದ ತಲೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವಳು ಸೊಸೆ ವೈಶಾಲಿ. ಬರುತ್ತೇನೆ ಎಂದದ್ದಕ್ಕೆ ಅವಳು ಖುಷಿಯನ್ನೂ ತೋರಿಸಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. ‘ಬರ್ರಿ. ಬಸ್ ಸ್ಟಾಪಿಗೆ ನಿಂದರತೀನಿ’ ಎಂದಳು.

ಲೇಡೀಸ್ ಡಬ್ಬಿಯಲ್ಲಿ ಮಧ್ಯಾಹ್ನದ ಆ ಹೊತ್ತಿಗೆ ಸೀಟು ಸಿಕ್ಕಿತು. ಪಕ್ಕದ ಹುಡುಗಿ ಕಾಂದಿವಲಿ ದಾಟುವುದರೊಳಗೆ ಅವಳ ಭುಜದ ಮೇಲೆ ನಿದ್ದೆ ಹೋದಳು, ಗುರುತು ಪರಿಚಯವಿಲ್ಲದವಳು, ಇಷ್ಟು ಭಾರದ ತಲೆ. ಮೇ ತಿಂಗಳ ಬೆವರು ಇಬ್ಬರ ನಡುವೆ ಅಂಟುತ್ತಿತ್ತು. ಮೋಹಿನಿ ಅಲುಗಾಡದೆ ಕೂತು ಮನಸ್ಸಿನಲ್ಲೇ ಉತ್ತರ ಬರೆದು ನೋಡಿದಳು. ಖಂಡಿತ ಹುಟ್ಟುತ್ತದೆ, ಮನಸ್ಸುಗಳು ಬೇರೆ ಬೇರೆ ಬಾವಿಗಳಿರಬಹುದು, ಕೆಳಗಿನ ನೀರು ಒಂದೇ. ಮೂರು ಸಾಲಿಗೆ ಸರಿಯಾಗಿ ಕೂರುತ್ತಿತ್ತು. ಚೆನ್ನಾಗಿಯೂ ಇತ್ತು, ಇದಕ್ಕೂ ಯಾರಾದರೂ ಸೂರ್ಯನನ್ನು ಹಾಕಿಯಾರು. ಇಷ್ಟು ಬೇಗ ಇಷ್ಟು ಚೆನ್ನಾಗಿ ಹೊಳೆದದ್ದು ಕಂಡು ಅವಳಿಗೆ ಹೆದರಿಕೆಯಾಯಿತು. ಕಥೆ ಬರೆಯುತ್ತಿದ್ದ ಕಾಲದಲ್ಲಿ ಯಾವುದೂ ಹೀಗೆ ಹೊಳೆಯುತ್ತಿರಲಿಲ್ಲ, ಒಂದು ವಾಕ್ಯ ನಾಲ್ಕು ದಿನ ಸತಾಯಿಸುತ್ತಿತ್ತು, ಅನ್ನ ಸೀಯುತ್ತಿತ್ತು, ಧನರಾಜ್ ಕರೆದರೆ ಓಗೊಡಲು ಮರೆತುಹೋಗುತ್ತಿತ್ತು. ಅಮ್ಮನೂ ಓಗೊಡುತ್ತಿರಲಿಲ್ಲ. ಉಡುಪಿಯ ಬಾಡಿಗೆ ಮನೆಯ ಹಿಂಬದಿಯಲ್ಲಿ ಅಕ್ಕಿ ಆರಿಸುತ್ತ ಅಮ್ಮ ತುಳುವಿನಲ್ಲಿ ಒಬ್ಬಳೇ ಏನೋ ಹೇಳಿಕೊಳ್ಳುತ್ತಿದ್ದಳು, ಎದುರಿಗೆ ಯಾರೋ ಕೂತಿರುವಂತೆ ತಲೆಯಾಡಿಸಿಕೊಂಡು. ಆರನೆಯ ಕ್ಲಾಸಿನ ಗೆಳತಿಯರು ಬಂದಾಗ ಮೋಹಿನಿ ಅವರನ್ನು ಅಂಗಳದಲ್ಲೇ ನಿಲ್ಲಿಸಿ, ಅಮ್ಮನಿಗೆ ಜ್ವರ ಎಂದಿದ್ದಳು. ಆ ಮಾತು ಒಳಗೆ ಕೇಳಿಸಿತ್ತು. ಆ ಮೇಲೆ ಅಮ್ಮ ಹೇಳಿಕೊಳ್ಳುವುದನ್ನು ನಿಲ್ಲಿಸಿದಳೋ, ಅಥವಾ ಮಗಳು ಶಾಲೆಗೆ ಹೋಗುವವರೆಗೆ ಕಾಯುತ್ತಿದ್ದಳೋ ಗೊತ್ತಿಲ್ಲ. ಅಮ್ಮ ಏನು ಹೇಳಿಕೊಳ್ಳುತ್ತಿದ್ದಳು ಎಂದು ಮೋಹಿನಿ ಒಮ್ಮೆಯೂ ಕೇಳಲಿಲ್ಲ. ಬಾಂದ್ರಾದಲ್ಲಿ ಹುಡುಗಿ ತಟ್ಟನೆ ಎದ್ದು ಸಾರಿ ಆಂಟಿ ಎಂದು ಇಳಿದು ಹೋದಳು. ಭುಜದ ಮೇಲೆ ಒದ್ದೆ ಉಳಿಯಿತು.

ನಿಜ ಬರೆದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿದಳು. ಶಾಲು ಹೋಗುತ್ತದೆ, ಹೋಗಲಿ, ಮನೆಯಲ್ಲಿ ಶಾಲುಗಳಿಗೇನು ಬರವಿಲ್ಲ. ಕಾಲಮ್ಮು ಹೋಗುತ್ತದೆ. ನಿಮ್ಮೊಳಗೆ ಇನ್ನೂ ಇದೆ ಎಂದವರು, ಏನೂ ಇರಲಿಲ್ಲವೆಂದು ತಿಳಿದುಕೊಳ್ಳುತ್ತಾರೆ. ಇದೊಂದನ್ನು ಅವಳಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ದಾದರ್‌ನಲ್ಲಿ ಇಳಿದು ಬಸ್ಸು ಹಿಡಿಯುವಾಗ, ಬಸಲಿಂಗವ್ವ ಮನೆಯಲ್ಲಿ ಇಲ್ಲದಿದ್ದರೆ ಎಂದು ಒಂದು ಕ್ಷಣ ಆಸೆಯಾಯಿತು. ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬಸ್ಸಿನ ಕಂಡಕ್ಟರು ಆಂಟಾಪ್ ಹಿಲ್ ಎಂದು ಕೂಗಿದಾಗ ಎರಡನೆಯ ಸಲ ಕೂಗುವವರೆಗೆ ಕೂತೇ ಇದ್ದಳು.

ವೈಶಾಲಿ ಮೂವತ್ತರ ಒಳಗಿನವಳು, ಬೆಳಗಾವಿ ಕಡೆಯವಳು, ಹೆಗಲಿಗೆ ಖಾಲಿ ಚೀಲ. ಬೆಳಗಿನ ರೊಟ್ಟಿಯನ್ನು ಖಾನಾವಳಿಗಳಿಗೆ ಕೊಟ್ಟು ಬಂದಿದ್ದಳು. ಕಾಲೊನಿಯ ಗೇಟಿನವರೆಗೆ ಮುಂದೆ ಮುಂದೆ ನಡೆದಳು. ಗೇಟಿನೊಳಗೆ, ನೀರಿನ ಟ್ಯಾಂಕಿಯ ಪಕ್ಕದಲ್ಲಿ ನಿಂತಳು.

‘ಅಕ್ಕಾರ, ಅತ್ತಿ ಹೇಳಿದ್ದ ಆ ಹಾಡು ಕಾಗದದಾಗ ಬರದಾಕಿ ನಾ. ಓದಿದ ಕೂಡಲೇ ನನಗ ತಿಳೀತು’ ಎಂದಳು. ಮೋಹಿನಿ ಮಗಳ ವಯಸ್ಸಿನವಳ ಮುಂದೆ ಸೀರೆಯ ಸೆರಗು ಸರಿ ಮಾಡಿಕೊಂಡಳು.

‘ನಾನು ಅದನ್ನೇ ಹೇಳ್ಲಿಕ್ಕೆ ಬಂದದ್ದು.’

‘ಹೇಳಬ್ಯಾಡ್ರಿ. ಅದಕ್ಕ ಇಲ್ಲಿ ನಿಂದರಿಸೀನಿ. ನಾ ಅತ್ತಿಗೆ ಏನೂ ಹೇಳಿಲ್ಲ. ಇಬ್ಬರಿಗೂ ಹುಟ್ಟಿರಬೇಕ ಅಂತ ಅವರ ಅಂದ್ರು, ಹೌದ ಬಿಡ್ರಿ ಅಂದ್ನಿ. ಒಂದು ತಿಂಗಳಾತು, ಹೆಂಗ ಅದಾರ ಅಂತೀರಿ. ಮೊದಲ ಹಿಂಗ ಇರಲಿಲ್ಲ. ನೀವು ಬಂದೀರಿ, ಕೂತು ಎರಡ ಮಾತಾಡಿ ಹೋಗಿಬಿಡ್ರಿ. ಕೈ ಮುಗೀತೀನಿ.’

ಕೈ ಮುಗಿಯಲಿಲ್ಲ, ಧ್ವನಿಯೂ ಮೆದುವಾಗಿರಲಿಲ್ಲ. ಆದರೆ ಮೋಹಿನಿಗೆ ಒಳಗೆ ಏನೋ ಸಡಿಲವಾಯಿತು. ಸಂಬಂಧಪಟ್ಟವರೇ ಬೇಡ ಎಂದ ಮೇಲೆ ಇನ್ನೇನು? ಸುಮ್ಮನಿರುವುದೇ ಈಗ ಒಳ್ಳೆಯತನವಾಗಿಬಿಟ್ಟಿತ್ತು. ಹಿಂದಿನಿಂದ ನಡೆಯುತ್ತ ಅವಳು ಬಾವಿ ಮತ್ತು ನೀರಿನ ಮೂರು ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡಳು. ಚೆನ್ನಾಗಿಯೇ ಇತ್ತು.

ನೆಲ ಅಂತಸ್ತಿನ ಒಂದೇ ಕೋಣೆ, ಮಧ್ಯೆ ಹೂವಿನ ಪರದೆ. ಪರದೆಯ ಈಚೆ ನೆಲದ ಮೇಲೆ ಗ್ಯಾಸಿನ ಒಲೆ, ಹಂಚು, ಬಟ್ಟೆ ಹಾಸಿದ ಬುಟ್ಟಿಯಲ್ಲಿ ರೊಟ್ಟಿಯ ಗುಡ್ಡೆ. ಬಸಲಿಂಗವ್ವ ಎದ್ದು ನಿಲ್ಲಲು ಹೋಗಿ ಹಿಟ್ಟಿನ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಲಕ್ಕೆತ್ತಿ ಹಿಡಿದಳು. ಅರವತ್ತು ದಾಟಿದ ಸಣ್ಣ ಹೆಂಗಸು, ಹಣೆಯಲ್ಲಿ ವಿಭೂತಿ. ‘ಬಂದ್ರಿ? ಖರೇನ ಬಂದ್ರಿ?’ ಎಂದಳು. ಆಮೇಲೆ ಪರದೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು: ‘ಕೇಳಿದ್ರೇನು? ಆ ಹಾಡಿನವರು ಬಂದಾರ! ನನ್ನ ಹಾಡು ಯಾರಿಗೆ ಹುಟ್ಟಿತ್ತಲ್ಲ, ಅವರು!’ ಪರದೆಯಾಚೆ ಮಂಚ ಕಿರುಗುಟ್ಟಿತು. ‘ಹಾಂ? ಯಾರು? ಹಾಂ ಹಾಂ, ಕೂಡ್ರಲಿ’ ಎಂಬ ಮುದಿ ಧ್ವನಿ ಬಂತು.

‘ಕಿವಿ ಮಂದ ಆಗ್ಯಾವ್ರಿ ಅವರಿಗೆ’ ಎಂದಳು ಬಸಲಿಂಗವ್ವ, ಮತ್ತೆ ಕೂತು ಹಿಟ್ಟು ನಾದುತ್ತ. ಪರದೆಯ ಹಿಂದಿನವನು ಅವಳ ಗಂಡ ಕಾಶಪ್ಪ, ವಾಚ್‌ಮನ್ ಕೆಲಸದಿಂದ ರಿಟೈರಾದವನು. ‘ನಾ ರೊಟ್ಟಿ ಬಡ್ಯಾಗ ಬಾಯಾಗ ಏನರೆ ಅಂತಿರತೀನಿ. ಅದು ಇವರಿಗೆ ಕೇಳಸಂಗಿಲ್ಲ, ತುಟಿ ಆಡೂದಷ್ಟ ಕಾಣತದ. ಮುದುಕಿಗೆ ತಲಿ ಕೆಟ್ಟದ ಅಂತ ಬಿಲ್ಡಿಂಗ್ ತುಂಬ ಹೇಳಿದ್ರು. ಹೋದ ವರ್ಷ ದವಾಖಾನಿಗೂ ಒಯ್ದಿದ್ರು, ಗುಳಿಗಿ ಕೊಡಿಸಿದ್ರು. ಅವು ತಗೊಂಡ್ರ ಬರೇ ನಿದ್ದಿ. ನಿಮ್ಮದು ಪೇಪರದಾಗ ಬಂತಲ್ಲ, ವೈಶಾಲಿ ಇವರ ಕಿವ್ಯಾಗ ಒದರಿ ಹೇಳಿದ್ಲು, ಅವತ್ತಿಂದ ಒಂದು ಮಾತಿಲ್ಲ. ಗುಳಿಗಿ ನಾನ ಬಿಟ್ಟೆ. ಇಬ್ಬರಿಗೂ ಒಂದ ಹುಚ್ಚು ಹಿಡದದ ಅಂದ್ರ ಅದಕ್ಕ ಹುಚ್ಚು ಅನ್ನಂಗಿಲ್ಲ ನೋಡ್ರಿ.’ ಅಂದು ನಕ್ಕಳು. ‘ಮೊದಲ ನೀವು ಚಾಷ್ಟಿ ಮಾಡಿದ್ರಲ್ಲ, ರೊಟ್ಟಿ ನಿಲ್ಲಿಸಬ್ಯಾಡ್ರಿ ಅಂತ, ಅದಕ್ಕೂ ನಾವು ನಕ್ಕೇವಿ. ಅವತ್ತಷ್ಟು ಮನಸ್ಸಿಗೆ ಹತ್ತಿತ್ತು. ಆಮ್ಯಾಲ ಹೋತು.’

ಮೋಹಿನಿಯೂ ನಕ್ಕಳು. ಸ್ಟ್ಯಾಂಡಿನ ಮೇಲಿನ ಸ್ಟೀಲಿನ ತಟ್ಟೆಯಲ್ಲಿ ತನ್ನ ನಗು ಅಡ್ಡಡ್ಡವಾಗಿ ಕಾಣಿಸಿ ನಿಲ್ಲಿಸಿದಳು. ವೈಶಾಲಿ ಬಾಗಿಲಿಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದಳು. ಬಸಲಿಂಗವ್ವ ಹಿಟ್ಟಿನ ಮುದ್ದೆಯನ್ನು ಬಡಿಯತೊಡಗಿದಳು, ಎರಡೂ ಕೈ ಸರದಿಯ ಮೇಲೆ ಬಿದ್ದು ರೊಟ್ಟಿ ತಿರುಗುತ್ತ ಅಗಲವಾಯಿತು. ಅದನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆ ಎಳೆದು, ತಲೆಯೆತ್ತದೆ ಕೇಳಿದಳು.

‘ಅಕ್ಕಾರ, ನಿಮಗ ಯಾವ ಸಾಲು ಮೊದಲ ಬಂತ್ರಿ?’

‘ಏನು?’

‘ನನಗ ಕಡೀದು ಮೊದಲ ಬಂತು. ಬಂದಾಕಿ ಯಾರೋ ಅಂತ. ನಾಕ ದಿನ ಅದೊಂದ ತಿರಗತಿತ್ತು ತಲಿಯಾಗ. ಯಾವಾಕಿ ಈಕಿ, ಎಲ್ಲಿಂದ ಬಂದ್ಲು, ತಿಳೀವಲ್ದು. ಐದನೇ ದಿನಕ್ಕ ಬಾಗಿಲಾ ಬಂತು. ಬಾಗಿಲಾ ಬಂದ ಮ್ಯಾಲ ಅಳು ಬಂತು ನೋಡ್ರಿ, ರೊಟ್ಟಿ ಸೀದುಹೋತು. ನಿಮಗ ಹ್ಯಾಂಗ? ಬಾಗಿಲಾ ಮೊದಲ ಬಂತೋ, ಆಕಿ ಮೊದಲ ಬಂದ್ಲೋ?’

ಒಂಬತ್ತು ವರ್ಷದಲ್ಲಿ ಸ್ಫೂರ್ತಿ ಎಲ್ಲಿಂದ ಬರುತ್ತದೆ, ದಿನಕ್ಕೆ ಎಷ್ಟು ಗಂಟೆ ಬರೆಯುತ್ತೀರಿ, ಪೆನ್ನೋ ಕಂಪ್ಯೂಟರೋ ಎಂದು ಎಷ್ಟೋ ಜನ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಇದು ಬರೆಯುವವರು ಬರೆಯುವವರನ್ನು ಕೇಳುವ ಪ್ರಶ್ನೆ. ಇಂಥದ್ದೊಂದನ್ನು ಯಾರಾದರೂ ಕೇಳಿಯಾರೆಂದು ಅವಳು ಮೊದಲ ಸಂಕಲನ ಬಂದಾಗ ಎಷ್ಟು ಕಾದಿದ್ದಳು, ಉತ್ತರಗಳನ್ನು ಸಿದ್ಧ ಮಾಡಿಕೊಂಡು. ಬಾಗಿಲು ಎಂದರೆ ಮುಗಿಯುತ್ತಿತ್ತು. ಬಾಗಿಲು ಮೊದಲು ಎಂದರೆ ಮುದುಕಿ ಇನ್ನೊಂದು ಸಲ ನಕ್ಕು, ನೋಡಿದ್ರಾ ನಿಮಗ ಬ್ಯಾರೆ ಕಡಿಂದ ಬಂತು ಎಂದು ಹಿಗ್ಗುತ್ತಿದ್ದಳು. ಬಾಗಿಲು ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ತಾನು ಇನ್ನೊಂದು ಸಲ ಬರೆಯುವುದು ಸಾಧ್ಯವೇ ಇಲ್ಲ ಎಂದು ಅವಳಿಗೆ ಅನ್ನಿಸಿತು, ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬಸಲಿಂಗವ್ವನ ನೆನಪು ಆ ಕ್ಷಣದಲ್ಲಿ ಅವಳಿಗೆ ಇರಲೇ ಇಲ್ಲ.

‘ನನಗೆ ಯಾವುದೂ ಬರ್ಲಿಲ್ಲ’ ಎಂದಳು ಮೋಹಿನಿ. ‘ನಿಮ್ಮ ಕಾಗದದಲ್ಲಿ ಇತ್ತು. ನಾನು ಓದಿದ್ದೆ. ನಿಮ್ಮದು ಅಂತ ಗೊತ್ತಿದ್ದೇ ತೆಗೆದು ನನ್ನದು ಅಂತ ಹಾಕಿದ್ದು.’

ಬಾಗಿಲ ಕಡೆಯಿಂದ ವೈಶಾಲಿ ಏನೋ ಅಂದದ್ದು ಕೇಳಿಸಿತು, ಮರಾಠಿಯಲ್ಲಿ, ಹಲ್ಲು ಕಚ್ಚಿಕೊಂಡು. ಮೋಹಿನಿಗೆ ಮೈಯೆಲ್ಲ ಹಗುರವಾಗಿತ್ತು. ಒಂದು ವಾರದಿಂದ ಎದೆಯಲ್ಲಿ ಕೂತದ್ದು ಇಳಿದುಹೋಗಿತ್ತು. ಅವಳು ಬಸಲಿಂಗವ್ವನ ಮುಖವನ್ನೇ ನೋಡುತ್ತ ಕಾದಳು. ತಾನು ಕಾಯುತ್ತಿರುವುದು ಕ್ಷಮೆಗೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಬಸಲಿಂಗವ್ವ ಮೊದಲು ಪರದೆಯ ಕಡೆ ನೋಡಿದಳು. ‘ಮೆಲ್ಲಕ’ ಎಂದಳು. ರೊಟ್ಟಿಯನ್ನು ಮಗುಚಿದಳು. ಅದು ಉಬ್ಬಿತು, ಅದನ್ನು ತೆಗೆದು ಬುಟ್ಟಿಗೆ ಹಾಕಿದಳು, ಹಂಚಿನ ಮೇಲಿನ ಹಿಟ್ಟಿನ ಪುಡಿಯನ್ನು ಬಟ್ಟೆಯಿಂದ ಒರೆಸಿದಳು.

‘ಹಂಗಾರ ನಾ ಒಬ್ಬಾಕೀನ’ ಎಂದಳು.

‘ನಾನು ಪೇಪರಲ್ಲಿ ಬರೆಯುತ್ತೇನೆ ಬಸಲಿಂಗವ್ವ. ನಿಮ್ಮ ಹೆಸರು ಹಾಕಿ. ಭಾನುವಾರ ಸ್ಟೇಜಲ್ಲಿ ಎಲ್ಲರ ಎದುರು ಹೇಳ್ತೇನೆ, ಹಾಡು ಇವರದ್ದು ಅಂತ, ನೀವೂ ಬನ್ನಿ…’ ಮೋಹಿನಿ ಗಡಿಬಿಡಿಯಲ್ಲಿ ಮಾತಾಡುತ್ತಿದ್ದಳು. ಮಾತಾಡಿದಷ್ಟೂ ಆ ಸ್ಟೇಜಿನಲ್ಲಿ ತಾನು ನಿಂತಿರುವುದೇ ಕಾಣುತ್ತಿತ್ತು, ತಪ್ಪೊಪ್ಪಿಕೊಂಡು ದೊಡ್ಡವಳಾಗಿ.

‘ಹೆಸರು ತಗೊಂಡ ಏನ್ ಮಾಡ್ಲಿ? ಹೆಸರು ರೇಷನ್ ಕಾರ್ಡಿನ್ಯಾಗೂ ಅದ. ನನ್ನಂಗ ಇನ್ನೊಬ್ಬಾಕಿ ಅದಾಳ ಅಂತಿತ್ತು, ಓದು ಬರಹ ಕಲ್ತಾಕಿ. ನನಗ ಅದಷ್ಟ ಬೇಕಾಗಿತ್ತು.’ ಈಗ ಅವಳು ನೇರವಾಗಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ‘ನೀವು ಯಾಕ ಹೇಳಾಕ ಬಂದ್ರಿ?’

ಮೋಹಿನಿಗೆ ಉತ್ತರ ಗೊತ್ತಿತ್ತು: ತನಗೋಸ್ಕರ, ತಾನು ಇನ್ನೊಮ್ಮೆ ಬರೆಯುವಂತಾಗಲಿ ಎಂದು. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಸದಾನಂದ. ಮೂರು ಗಂಟೆ ದಾಟಿತ್ತು.

‘ಪೇಪರದವರೇನು?’ ಎಂದಳು ಬಸಲಿಂಗವ್ವ. ‘ಎತ್ರಿ. ಹುಟ್ಟತದ ಅಂತ ಹೇಳ್ರಿ.’

‘ಅದು ಸುಳ್ಳಲ್ವಾ ಬಸಲಿಂಗವ್ವ.’

‘ಹೌದು, ಸುಳ್ಳ. ಹುಟ್ಟಿಸಿದಾಕಿ ನೀವ. ಇವತ್ತ ಖರೇ ಹೇಳಿ ನೀವು ದಹಿಸರಿಗೆ ಹೋಗತೀರಿ. ನಾ ಇಲ್ಲೇ ಇರಬೇಕು. ಗುಳಿಗಿ ಮತ್ತ ಶುರು ಮಾಡ್ತಾರ ಇವರು.’ ಅವಳು ಇನ್ನೊಂದು ಮುದ್ದೆ ಕೈಗೆ ತೆಗೆದುಕೊಂಡಳು. ‘ಹೇಳ್ರಿ.’

ಮೋಹಿನಿ ಫೋನು ಕಿವಿಗಿಟ್ಟಳು. ‘ಬರ್ಕೊಳ್ಳಿ ಸದಾನಂದ’ ಎಂದಳು. ‘ಹನ್ನೆರಡನೆಯದು. ಒಂದೇ ಹಾಡು ಇಬ್ಬರಲ್ಲಿ ಹುಟ್ಟುತ್ತದೆಯೇ, ಹುಟ್ಟಿದರೆ ಆ ಇಬ್ಬರು ಒಬ್ಬರಿಗೊಬ್ಬರು ಏನಾಗಬೇಕು. ಉತ್ತರ, ಹುಟ್ಟುತ್ತದೆ.’

‘ಜೋರ’ ಎಂದಳು ಬಸಲಿಂಗವ್ವ, ಗದ್ದದಿಂದ ಪರದೆಯನ್ನು ತೋರಿಸಿ.

‘ಹುಟ್ಟುತ್ತದೆ!’

‘ನನ್ನ ಕಿವಿ ಸರಿ ಉಂಟು ಮಾರಾಯ್ರೆ, ಬೊಬ್ಬೆ ಯಾಕೆ?’ ಎಂದ ಸದಾನಂದ ಆ ಕಡೆಯಿಂದ. ‘ಆಯ್ತು, ಮುಂದೆ? ಆ ಇಬ್ಬರು ಏನಾಗಬೇಕು ಅಂತ ಕೇಳಿದ್ದಾರಲ್ಲ, ಅದಕ್ಕೆಂತ ಬರೆಯುದು?’

ಮೋಹಿನಿ ಬಸಲಿಂಗವ್ವನನ್ನು ನೋಡಿದಳು. ಅವಳು ತಲೆಯೆತ್ತಲಿಲ್ಲ. ಹಿಟ್ಟಿನ ಮೇಲೆ ಕೈ ಬೀಳುತ್ತಿತ್ತು, ತುಟಿಗಳು ಮುಚ್ಚಿಕೊಂಡಿದ್ದವು.

‘ಅಕ್ಕ ತಂಗಿ ಅನ್ರಿ’ ಎಂದಳು ಹಿಟ್ಟಿಗೆ ಹೇಳುವಂತೆ.

‘ಅಕ್ಕ ತಂಗಿ’ ಎಂದು ಮೋಹಿನಿ ಕೂಗಿದಳು.

ಪರದೆಯಾಚೆ ಮಂಚ ಕಿರುಗುಟ್ಟಿತು. ‘ಹಾಂ? ಏನಂತಾರ?’

‘ಇನ್ನೊಮ್ಮೆ ಅನ್ರಿ’ ಎಂದಳು ಬಸಲಿಂಗವ್ವ, ‘ಅವರಿಗೆ ಕೇಳಿಲ್ಲ.’

ಮೋಹಿನಿ ಫೋನು ಕೆಳಗಿಟ್ಟು ಪರದೆಯ ಕಡೆ ತಿರುಗಿ ಇನ್ನೊಮ್ಮೆ ಕೂಗಿದಳು.